ಬೇಲಿ ಸುಡಲು ಅನುಮತಿ ಕೋರಿ

ಅಗ್ನಿಶಾಮಕ ಠಾಣೆಯ ಅಧಿಕಾರಿಗಳಿಗೆ, ಹಿಂದಿನ ಬೀದಿಯ ಬಟ್ಟೆ ಹೊಲಿಯುವವಳ ನಮಸ್ಕಾರ.

ಒಣಗಿದ ಗಿಡದ ಬೇಲಿ ಸುಡಲು ನಾನು ಹಾಕಿದ್ದ ಅರ್ಜಿ, ನೆರೆಮನೆಯವರ ಸಹಿ ಇಲ್ಲವೆಂದು ವಾಪಸು ಬಂದಿದೆ. ನಿಮ್ಮ ತಪ್ಪಲ್ಲ. ನೆರೆಮನೆಯಲ್ಲಿರುವುದು ನನ್ನ ಸ್ವಂತ ಅಕ್ಕ. ಅಪ್ಪನ ಮನೆ ಭಾಗವಾದಾಗ ನಾವು ಮಾತು ಬಿಟ್ಟೆವು. ಅವಳ ಮುಖ ಕಾಣದಿರಲಿ ಎಂದೇ ನಾನು ಆ ಬೇಲಿ ಹಾಕಿದ್ದು. ಈ ಬೇಸಿಗೆಯಲ್ಲಿ ಅದು ಬುಡಸಮೇತ ಒಣಗಿತು. ಕಿತ್ತು, ನಿಯಮದಲ್ಲಿ ಹೇಳಿದಷ್ಟು ದೂರದಲ್ಲಿ ರಾಶಿ ಹಾಕಿದ್ದೇನೆ. ಪ್ಲಾಸ್ಟಿಕ್ಕು, ಬಟ್ಟೆಯ ಚೂರು ಒಂದೂ ಸೇರಿಸಿಲ್ಲ.

ನಿನ್ನೆ ಸಂಜೆ ಅಕ್ಕ ಹಿತ್ತಿಲಿಗೆ ಬಂದು, ನನ್ನತ್ತ ನೋಡದೆ, ಒಣಗಲು ಹಾಕಿದ್ದ ಬಟ್ಟೆಗಳಿಗೆ ಹೇಳುವಂತೆ ಹೇಳಿದಳು: "ಬೆಂಕಿ ಹಚ್ಚೋಕೆ ಹೊರಟೋರಿಗೆ ನೀರಿನ ನೆನಪಿರಲ್ಲ. ಚಿಕ್ಕವಳಿದ್ದಾಗಿಂದ ಹೀಗೇ." ಆಮೇಲೆ ಎರಡು ಬಕೆಟ್ ನೀರು ತಂದು, ಬೇಲಿ ಇದ್ದ ಜಾಗದಲ್ಲಿ ಇಟ್ಟು ಹೋದಳು. ಅಪ್ಪ ಕಸ ಸುಡುವಾಗಲೂ ಬಕೆಟ್ ಹಿಡಿದು ನಿಲ್ಲುವುದು ಅವಳದೇ ಕೆಲಸವಾಗಿತ್ತು.

ದಯವಿಟ್ಟು ಇದನ್ನೇ ಸಹಿ ಎಂದು ತಿಳಿಯಿರಿ. ಬೇಕಿದ್ದರೆ ನಿಮ್ಮ ಸಿಬ್ಬಂದಿ ಬಂದು ಬಕೆಟ್ ನೋಡಲಿ. ಆದರೆ ಅವಳ ಬಾಗಿಲು ತಟ್ಟಿ ಸಹಿ ಕೇಳುವುದು ಮಾತ್ರ ಬೇಡ. ಕೇಳಿದರೆ ಬಕೆಟ್‌ಗಳು ಒಳಗೆ ಹೋಗುತ್ತವೆ. ನಮ್ಮ ಮನೆತನದ ಹಠ ಅದು, ನನಗೂ ಇದೆ.

ಬೆಂಕಿ ಆರುವ ತನಕ ಇಬ್ಬರು ಕಾವಲಿರಬೇಕು ಎಂಬ ನಿಯಮವಿದೆಯಲ್ಲ, ಅಲ್ಲಿ ನಾನು 'ಒಬ್ಬಳೇ' ಎಂದು ಬರೆದಿದ್ದೆ. ಅದನ್ನು ತಿದ್ದಿಕೊಳ್ಳಿ. ಇಬ್ಬರಿರುತ್ತೇವೆ.

ಇತಿ,
ಪಕ್ಕದ ಮನೆಯವಳ ತಂಗಿ