ಪ್ರಾಗ್‌ಗೆ ಹೋದ ಮಾಧುರಿ

ನವೆಂಬರ್ 7, ಗುರುವಾರ

ಮ್ಯೂಸಿಯಂನ ಚೆಕ್ ಗ್ಯಾಲರಿಯ ಎಸಿ ಮತ್ತೆ ಕೆಟ್ಟಿದೆ. ಕ್ವಾಪಿಲ್ ಎಂಬ ಕಲಾವಿದನ ನೀಲಿ ಕಾರ್ಖಾನೆ ಚಿತ್ರದ ಮೂಲೆಯಲ್ಲಿ ಬಣ್ಣ ಏಳತೊಡಗಿದೆ. ಮೇಲ್ ಹಾಕಿದೆ. ಯಾರೂ ಓದುವುದಿಲ್ಲ, ಗೊತ್ತು.

ಹನ್ನೊಂದಕ್ಕೆ ಹೆಲೆನಾ ಅಜ್ಜಿ ಬಂದರು. ಗುರುವಾರ ತಪ್ಪಿಸುವುದಿಲ್ಲ. ಈ ಹಾಲ್‌ನ ಚಿತ್ರ, ಶಿಲ್ಪ ಎಲ್ಲ ಅವರೇ ಮ್ಯೂಸಿಯಂಗೆ ಕೊಟ್ಟಿದ್ದು. ಪ್ರಾಗ್‌ನ ಗೆಳೆಯ ಗೆಳತಿಯರ ಕೆಲಸ. ಅರವತ್ತರ ದಶಕದಲ್ಲಿ ಗದಗಿನ ನಿಜಲಿಂಗಪ್ಪ ಎಂಜಿನಿಯರಿಂಗ್ ಓದಲು ಅಲ್ಲಿಗೆ ಹೋಗಿ, ಇವರನ್ನು ಮದುವೆಯಾಗಿ ಪುಣೆಗೆ ಕರೆತಂದರಂತೆ. ಅತ್ತೆ ಶಿವಬಸವ್ವ ಕಲಿಸಿದ ಕನ್ನಡ. ನೀಲಿ ಕಣ್ಣಿನ ಮುದುಕಿಯ ಬಾಯಲ್ಲಿ ಗದಗಿನ ಮಾತು ಕೇಳಿ ಮೊದಲ ದಿನ ನಗು ಬಂದಿತ್ತು. ಆಫೀಸಿನಲ್ಲಿ ಕನ್ನಡ ಬರುವುದು ನನಗೊಬ್ಬಳಿಗೇ. ಹಾಗಾಗಿ ಏನಿದ್ದರೂ ನನ್ನ ಹತ್ತಿರವೇ.

ಇವತ್ತು ಹೇಳಿದ್ದು ಬೇರೆ.

"ತ್ರಿವೇಣಿ, ಆ ತಲಿ ಒಂದ ನನಗ ವಾಪಸ್ ಬೇಕವಾ."

ಕಂಚಿನ ತಲೆ. ಎರಡು ಜಡೆಯ ಹುಡುಗಿ. ವ್ಲಾಸ್ತಾ ರೆಝ್ಕೊವಾ ಮಾಡಿದ್ದು. ಹಾಲ್‌ಗೆ ಬಂದವರೆಲ್ಲ ಮೊದಲು ನಿಲ್ಲುವುದು ಅದರ ಮುಂದೆಯೇ.

"ಉಳದದ್ದೆಲ್ಲಾ ನಿಮ್ಮದ. ಇದು ನನ್ನ ಮಗಳು."

ಗೊತ್ತಿರಲಿಲ್ಲ. ಇಲ್ಲಿ ಯಾರಿಗೂ.

ನವೆಂಬರ್ 8

ಮಾಧುರಿ. ಒಂಬತ್ತನೇ ವಯಸ್ಸಿಗೆ ಮೆದುಳು ಜ್ವರ, ಉಳಿಯಲಿಲ್ಲ. ಅದರ ಹಿಂದಿನ ಚಳಿಗಾಲ ವ್ಲಾಸ್ತಾ ಪುಣೆಗೆ ಬಂದು ಇವರ ಮನೆಯಲ್ಲಿದ್ದಳಂತೆ. ಗಂಡ ತೀರಿಕೊಂಡು ಮನೆ ಖಾಲಿ ಮಾಡುವಾಗ ಅಜ್ಜಿ ಎಲ್ಲವನ್ನೂ ಒಟ್ಟಿಗೆ ಕೊಟ್ಟುಬಿಟ್ಟರು. ಆಗ ಆ ಮುಖ ನೋಡಲಾಗುತ್ತಿರಲಿಲ್ಲ ಎಂದರು. ಈಗ ನೋಡದೆ ಇರಲಾಗುತ್ತಿಲ್ಲ.

ಡೈರೆಕ್ಟರ್ ಅಭಿಲಾಷ ಸರ್ ಹತ್ತಿರ ಹೋದೆ. "ನಾಹೀ ಜಮಣಾರ, ತ್ರಿವೇಣಿ." ಆಗದು. ಒಮ್ಮೆ ಕೊಟ್ಟ ಮೇಲೆ ಟ್ರಸ್ಟಿನದು. ಒಂದನ್ನು ವಾಪಸ್ ಕೊಟ್ಟರೆ ನಾಳೆ ಎಲ್ಲ ದಾನಿಗಳೂ ಕ್ಯೂ ನಿಲ್ಲುತ್ತಾರೆ. ಅದರ ಮೇಲೆ ಇನ್ನೊಂದು ಸುದ್ದಿ. ಪ್ರಾಗ್‌ನ ಮ್ಯೂಸಿಯಂ ಒಂದು ಆ ತಲೆಯನ್ನು ಎರಡು ವರ್ಷದ ಮಟ್ಟಿಗೆ ಕೇಳಿದೆ. ಟ್ರಸ್ಟಿಗಳು ಒಪ್ಪಿಯೂ ಆಗಿದೆ. ನಮಗೆಷ್ಟು ದೊಡ್ಡ ಗೌರವ ನೋಡು ಎಂದರು. ಟೀ ತರಿಸಿದರು. ಕೆಟ್ಟ ಮನುಷ್ಯನಲ್ಲ. ಅದೇ ಕಷ್ಟ… ಜಗಳ ಆಡಲೂ ಆಗುವುದಿಲ್ಲ.

ಎರಡು ವರ್ಷ. ಅಜ್ಜಿಗೆ ಎಂಬತ್ತಾರು.

ನವೆಂಬರ್ 21, ಗುರುವಾರ

ಹೋದ ವಾರ ಬಾಯಿ ಬರಲಿಲ್ಲ. ಇವತ್ತು ಹೇಳಿದೆ.

"ಪ್ರಾಗ್‌ಗಾ?" ಕಂಚಿನ ತಲೆಯ ಕಡೆ ತಿರುಗಿದರು. ಆಮೇಲೆ ನಕ್ಕರು. "ನನ್ನ ಊರು ತೋರಸ್ತೀನಿ ಅಂತ ಈಕಿಗೆ ಭಾಳ ಸಲ ಹೇಳಿದ್ದೆ. ಆವಾಗ ಅಲ್ಲೆ ಕಮ್ಯುನಿಸ್ಟ್ ಸರಕಾರ, ಹೋದ್ರ ತಿರುಗಿ ಬರಾಕ ಬಿಡ್ತಾರೋ ಇಲ್ಲೋ ಅಂತ ಅಂಜಿಕಿ. ಮುಂದಿನ ವರ್ಷ, ಮುಂದಿನ ವರ್ಷ ಅನ್ಕೋತ… ಈಗ ಒಬ್ಬಾಕೀನ ಹೊಂಟಾಳ."

"ಅಜ್ಜಿ, ಒಂದು ಕಾಪಿ ಮಾಡ್ಸೋಣೇನ್ರಿ? ನಾ ಸರ್‌ಗೆ ಕೇಳ್ತೀನಿ."

"ಬ್ಯಾಡವಾ. ವ್ಲಾಸ್ತಾ ಮೊದಲ ಮಣ್ಣಾಗ ಈ ಮುಖ ಒತ್ತೂವಾಗ ಈಕಿ ನನ್ನ ತೊಡಿ ಮ್ಯಾಲ ಕುಂತು ಪೇರಲ ತಿಂತಿದ್ಲು. ಕಾಪಿಗೆ ಅದೇನ್ ಗೊತ್ತಿರ್ತದ?"

ಆದರೂ ಕೇಳಿದೆ. ಕಾಪಿಗೂ ಟ್ರಸ್ಟಿನ ಒಪ್ಪಿಗೆ ಬೇಕು. ಮೀಟಿಂಗ್ ಫೆಬ್ರವರಿಗೆ.

ಡಿಸೆಂಬರ್ 2, ಸೋಮವಾರ

ಮ್ಯೂಸಿಯಂಗೆ ರಜೆ ದಿನ. ನಾಳೆ ಪ್ಯಾಕಿಂಗ್‌ನವರು ಬರುತ್ತಾರೆ. ಯಾರಿಗೂ ಹೇಳದೆ ಅಜ್ಜಿಯನ್ನು ಹಿಂದಿನ ಬಾಗಿಲಿಂದ ಒಳಗೆ ಕರೆದುಕೊಂಡೆ. ಜೊತೆಗೆ ಅವರನ್ನು ನೋಡಿಕೊಳ್ಳುವ ಸಾಬವ್ವ. ಕಲಬುರ್ಗಿ ಕಡೆಯವಳು.

ತಲೆಯನ್ನು ಪೀಠದಿಂದ ಇಳಿಸಿ ಅಜ್ಜಿಯ ಮಡಿಲಲ್ಲಿಟ್ಟು, ಕೆಳಗಿಂದ ಕೈ ಕೊಟ್ಟು ಕೂತೆ. ಭಾರ. ಗ್ಲವ್ಸ್ ಕೊಟ್ಟಿದ್ದೆ. ತೆಗೆದು ಸಾಬವ್ವನ ಕೈಗಿಟ್ಟರು. ಬೇಡ ಎನ್ನಬೇಕಿತ್ತು, ಅನ್ನಲಿಲ್ಲ.

"ಕಿವಿ ಹಿಂದ ಧೂಳು ನೋಡು. ಯಾರೂ ಒರಸೂದಿಲ್ಲೇನು ಇಲ್ಲೆ?" ಸೀರೆಯ ಸೆರಗಿನಿಂದ ಒರೆಸಿದರು. ಹಣೆ, ಕೆನ್ನೆ, ಜಡೆಯ ಸಂದಿ. ಆಮೇಲೆ ಅದರ ಕಿವಿಗೆ ಬಾಯಿ ಹಚ್ಚಿ ಚೆಕ್‌ನಲ್ಲಿ ಏನೋ ಹೇಳತೊಡಗಿದರು. ಅವರ ಬಾಯಲ್ಲಿ ಆ ಭಾಷೆ ಕೇಳಿದ್ದು ಇವತ್ತೇ ಮೊದಲು. ಒಂದಕ್ಷರ ಅರ್ಥವಾಗಲಿಲ್ಲ. ಸಾಬವ್ವ ಅಳುತ್ತಿದ್ದಳು.

"ಅಜ್ಜಿ, ಸಾಕ್ರಿ… ವಾಚ್‌ಮನ್ ಬರೂ ಹೊತ್ತಾತು."

"ಇನ್ನೊಂದೀಟು."

ಮೂರು ಸಲ ಹಾಗೆಂದರು. ಕೊನೆಗೆ ನಾನೇ ಎತ್ತಿಕೊಂಡೆ. ಬೆರಳು ಬಿಡಿಸಬೇಕಾಯಿತು.

ಡಿಸೆಂಬರ್ 3

ಹೋಯಿತು.

ಜನವರಿ 18, ಶನಿವಾರ

ತಿಂಗಳಿಂದ ಅಜ್ಜಿ ಬಂದಿರಲಿಲ್ಲ. ಫೋನ್ ಮಾಡಿದರೆ ಬರೀ ನೆಗಡಿ ಎನ್ನುತ್ತಿದ್ದರು. ಈಗ ಆಸ್ಪತ್ರೆ. ನ್ಯುಮೋನಿಯಾ. ಸಾಬವ್ವ ಹಾಸಿಗೆಯ ಕೆಳಗೇ ಮಲಗುತ್ತಾಳೆ.

ನಿನ್ನೆ ಪ್ರಾಗ್‌ನಿಂದ ಫೋಟೋ ಬಂತು. ಎತ್ತರದ ಬಿಳಿ ಗೋಡೆ, ಕಿಟಕಿಯಾಚೆ ಹಿಮ, ಮಧ್ಯೆ ಮಾಧುರಿ. ಮೊಬೈಲ್ ಒಯ್ದು ತೋರಿಸಿದೆ. ಖುಷಿಯಾಗಬಹುದು ಅಂದುಕೊಂಡಿದ್ದೆ.

ಫೋಟೋ ದೊಡ್ಡದು ಮಾಡು ಎಂದು ಸನ್ನೆ. ಪೀಠದ ಮೇಲಿನ ಸಣ್ಣ ಅಕ್ಷರ ಓದಿದರು. ಆಕ್ಸಿಜನ್ ಮಾಸ್ಕ್ ಸರಿಸಿದರು.

"ಏನ್ ಬರದಾರ್ರಿ ಅಜ್ಜಿ?"

"ಹುಡುಗಿ ಅಂತ. ಬರೇ ಹುಡುಗಿ." ಉಸಿರು ಸಾಲದೆ ನಿಂತರು. "ಹೆಸರಿಲ್ಲೇನು ಆಕೀಗೆ?"

ಸಿಸ್ಟರ್ ಬಂದು ಬೈದು ಮಾಸ್ಕ್ ಹಾಕಿದಳು. ಬರೆಸ್ತೀನ್ರಿ ಅಂದೆ. ಕೈ ಹಿಡಿದೇ ಇದ್ದರು.

ಜನವರಿ 20

ಹೆಸರು ಹಾಕಿ ಎಂದು ಬರೆದಿದ್ದಕ್ಕೆ ಪ್ರಾಗ್‌ನಿಂದ ಉತ್ತರ. ತುಂಬಾ ಸಭ್ಯ. ಮಗು ಯಾರೆಂಬುದಕ್ಕೆ ಆಧಾರ ಬೇಕಂತೆ. ಶಿಲ್ಪಿ ಬದುಕಿಲ್ಲ. ಮಗುವನ್ನು ಬಲ್ಲವರು ಯಾರಾದರೂ ಹೇಳಿದ ವಿಡಿಯೋ ಇದ್ದರೂ ಸಾಕಂತೆ, ಕೂಡಲೇ ಹೆಸರು ಹಾಕುತ್ತಾರಂತೆ.

ಬಲ್ಲವರು ಈಗ ಒಬ್ಬರೇ.

ಸಂಜೆ ಹೋದೆ. ಅಜ್ಜಿಗೆ ಮಂಪರು. ಮಾಸ್ಕ್ ತೆಗೆಯುವಂತಿಲ್ಲ. ಡಾಕ್ಟರನ್ನು ಬೇಡಿಕೊಂಡೆ, ಒಂದೇ ನಿಮಿಷ ಸಾಕು ಎಂದು. ನಾಳೆ ಬೆಳಿಗ್ಗೆ ನೋಡೋಣ ಎಂದರು.

ಜನವರಿ 21, ಬೆಳಿಗ್ಗೆ 6

ನಿದ್ದೆ ಸರಿಯಾಗಿ ಬರಲಿಲ್ಲ. ಮೊಬೈಲ್ ಫುಲ್ ಚಾರ್ಜ್ ಇದೆ. ಹಳೆಯ ವಿಡಿಯೋ ಅಳಿಸಿ ಜಾಗ ಮಾಡಿದ್ದೇನೆ. ಜಾಸ್ತಿ ಮಾತಾಡಿಸುವುದಿಲ್ಲ. ಫೋಟೋ ತೋರಿಸಿ 'ಈಕಿ ಯಾರ್ರಿ ಅಜ್ಜಿ' ಅಂತ ಕೇಳುವುದು, ಅಷ್ಟೇ. ಹೆಸರೊಂದು ಹೇಳಿದರೂ ಸಾಕು. ಕನ್ನಡದಲ್ಲೋ ಚೆಕ್‌ನಲ್ಲೋ, ಹೆಸರಿಗೆ ಏನು…

ಸಾಬವ್ವನ ಫೋನ್. ಇಷ್ಟು ಬೇಗ ಅವಳು ಯಾವತ್ತೂ ಮಾಡಿದ್ದಿಲ್ಲ.