ನೀರಿಗಿಳಿಯೋ ವಿಮಾನ

ಅಪ್ಪಾ,

ಬಾಯಲ್ಲಿ ಹೇಳೋಕೆ ಹೋದ್ರೆ ಇಬ್ರೂ ಕಿರುಚಾಡ್ತೀವಿ, ಅಮ್ಮ ಮಧ್ಯೆ ಬಂದು ಇಬ್ರಿಗೂ ಬಯ್ತಾಳೆ. ಅದಕ್ಕೇ ಈ ಕಾಗದ ನಿನ್ನ ಚಪ್ಪಲಿ ಮೇಲೆ ಇಟ್ಟಿದೀನಿ. ಸ್ಕೂಲ್ ಬಿಟ್ಟೋಳ ಬರವಣಿಗೆ, ತಪ್ಪು ಹುಡುಕ್ಬೇಡ.

ನಿನ್ನ ರಿಮೋಟ್ ವಿಮಾನನ ನಾನು ಗುಜರಿಗೆ ಹಾಕಿಲ್ಲ. "ಕೈ ನಡುಗೋನಿಗೆ ಇದೆಲ್ಲ ಯಾಕೆ, ಎಸೆದ್ಬಿಡು" ಅಂತ ನೀನಂದಾಗ ನಂಗೆ ಮೈಯೆಲ್ಲ ಉರೀತು. ಸ್ಟ್ರೋಕ್ ಆದಮೇಲೆ ಮೈದಾನದ ಆ ಕಿರಿದಾದ ಟಾರು ಪಟ್ಟಿ ಮೇಲೆ ಇಳಿಸೋಕಾಗದೆ ಬೇಲಿಗೆ ಗುದ್ದಿದೆ, ಅಷ್ಟೇ ತಾನೆ? ತಪ್ಪು ನಿನ್ನ ಕೈಯದಲ್ಲ, ಪಟ್ಟೀದು.

ಚಕ್ರ ಕಿತ್ತುಹಾಕಿದೀನಿ. ಆ ಜಾಗಕ್ಕೆ ಥರ್ಮಾಕೋಲ್ ಕೊರೆದು ಎರಡು ಫ್ಲೋಟ್ ಕೂರಿಸಿದೀನಿ, ನೋಡೋಕೆ ಪುಟಾಣಿ ದೋಣಿ. ಮೊದಲು ತೀರಾ ಹಿಂದಕ್ಕೆ ಕೂರಿಸಿದ್ದೆ. ಕೆರೇಲಿ ಬಿಟ್ಟ ತಕ್ಷಣ ಮೂಗು ಮುಳುಗಿಸ್ಕೊಂಡು ಪಲ್ಟಿ ಹೊಡೀತು. ಜೊತೆಗೆ ಬಂದಿದ್ದ ನಮ್ಮ ಗ್ಯಾರೇಜಿನ ಮೇಸ್ತ್ರಿ, "ಏನಮ್ಮಾ, ವಿಮಾನಕ್ಕೂ ಸ್ನಾನ ಮಾಡಿಸ್ತಿದೀಯಾ?" ಅಂತ ಹಲ್ಲು ಕಿರಿದ. ಫ್ಲೋಟ್ ಮುಂದಕ್ಕೆ ಜರುಗಿಸಿದೆ. ಈಗ ಬಾತುಕೋಳಿ ಥರ ನೆಟ್ಟಗೆ ತೇಲುತ್ತೆ.

ಹಾರಿಸಿ ನೋಡಿಲ್ಲ. ಅದು ನಿನ್ನ ಕೆಲಸ. ಕೆರೇಲಿ ಪಟ್ಟೀನೂ ಇಲ್ಲ, ಬೇಲೀನೂ ಇಲ್ಲ. ಕೈ ಎತ್ತ ನಡುಗಿದ್ರೂ ಅತ್ತ ಇಳಿಸೋಕೆ ಜಾಗ ಇದೆ.

ಭಾನುವಾರಕ್ಕೆ ಬ್ಯಾಟರಿ ಚಾರ್ಜ್ ಮಾಡಿಟ್ಕೊ. ಬರಲ್ಲ ಅಂದ್ರೆ ಹೊತ್ಕೊಂಡು ಹೋಗ್ತೀನಿ. ಮುಳುಗಿದ್ರೆ ನಾನು ಈಜಿ ತರ್ತೀನಿ. ಈಜು ಕಲಿಸಿದ್ದು ನೀನೇ. ಅವತ್ತು ನಿನ್ನ ಕೈಮೇಲೆ ನಾನೂ ಗಡಗಡ ನಡುಗ್ತಿದ್ದೆ. ನೀನು ನನ್ನ ಎಸೀಲಿಲ್ಲ.

ನಿನ್ನ
ಬಾಯಿಬಡುಕಿ ಮಗಳು