ಕಣ್ಣಿಗಿಂತ ಮೊದಲು ಭುಜ ಅಳೆದವರಿಗೆ

ಪದವಿ ಪ್ರವೇಶ ಕಚೇರಿಯ ಮಾರ್ಗದರ್ಶನ ಅಧಿಕಾರಿಗಳಾದ ಮಾನ್ಯರೇ,

ನನ್ನ ಮಗನ ಮೂರು ವರ್ಷಗಳನ್ನು ನೀವು ಹಾಳು ಮಾಡಿದ್ದೀರಿ. ಪೈಲಟ್ ಆಗಬೇಕೆಂದು ಬಂದ ಹುಡುಗನಿಗೆ ಕಾಲೇಜು ತೋರಿಸಿದಿರಿ, ಪದವಿ ತೋರಿಸಿದಿರಿ, ಸಮವಸ್ತ್ರದ ಅಳತೆ ಎಲ್ಲಿ ಕೊಡಬೇಕೆಂಬುದನ್ನೂ ತೋರಿಸಿದಿರಿ. ಅವನ ಕಣ್ಣು ಆ ಕೆಲಸಕ್ಕೆ ಒದಗುತ್ತದೆಯೇ ಎಂದು ಮೊದಲು ವೈದ್ಯರಿಗೆ ತೋರಿಸಿ ಎಂಬ ಒಂದು ಮಾತನ್ನು ಮಾತ್ರ ಹೇಳಲಿಲ್ಲ. ಇದನ್ನೆಲ್ಲ ಖಾಸಗಿಯಾಗಿ ಬರೆಯಬಹುದಿತ್ತು. ಹಾಗೆ ನಾಲ್ಕು ಪತ್ರ ಬರೆದೆ. ನಾಲ್ಕಕ್ಕೂ ನಿಮ್ಮ ಕಚೇರಿಯ ಮುದ್ರೆ ಬಿತ್ತು, ಒಂದಕ್ಕೂ ಉತ್ತರ ಬರಲಿಲ್ಲ. ಐದನೆಯದನ್ನು ಪತ್ರಿಕೆಗೆ ಕೊಡುತ್ತಿದ್ದೇನೆ. ನೀವು ಓದದಿದ್ದರೆ ನಿಮ್ಮ ಮನೆಯವರು ಓದಲಿ, ಪಕ್ಕದ ಮನೆಯವರು ಓದಲಿ, ನಿಮ್ಮ ಕೋಣೆಯ ಹೊರಗೆ ಟೋಕನ್ ಹಿಡಿದು ಕೂತವರು ಓದಲಿ. ಮುಚ್ಚುಮರೆ ಯಾಕೆ? ನನಗೆ ನಿಮ್ಮ ಮೇಲೆ ಸೇಡು ತೀರಿಸಿಕೊಳ್ಳಬೇಕಾಗಿದೆ.

ನಾನು ದರ್ಜಿ. ಮನೆಯ ಮುಂದಿನ ಕೋಣೆಯಲ್ಲಿ ಎರಡು ಹೊಲಿಗೆ ಯಂತ್ರ, ಬಟ್ಟೆ ಕತ್ತರಿಸುವ ಒಂದು ಉದ್ದನೆಯ ಮೇಜು, ಗೋಡೆ ತುಂಬ ದಾರದ ಉಂಡೆ. ನೀವು ನನ್ನ ಮಗನನ್ನು ಕಳಿಸಿದ ಆ ವಾಯುಯಾನ ಕಾಲೇಜಿನ ಸಮವಸ್ತ್ರವನ್ನು ಆರು ವರ್ಷಗಳಿಂದ ನಾನೇ ಹೊಲಿಯುತ್ತಿದ್ದೇನೆ. ಬಿಳಿ ಅಂಗಿ, ಕಡು ನೀಲಿ ಪ್ಯಾಂಟು, ಭುಜದ ಮೇಲೆ ಚಿನ್ನದ ಬಣ್ಣದ ಪಟ್ಟಿ. ಮೊದಲ ವರ್ಷಕ್ಕೆ ಒಂದು ಪಟ್ಟಿ, ಎರಡನೆಯ ವರ್ಷಕ್ಕೆ ಎರಡು, ಮೂರಕ್ಕೆ ಮೂರು. ಅಳತೆ ಕೊಡಲು ಬರುವ ಹುಡುಗರು ಕನ್ನಡಿಯ ಮುಂದೆ ಎದೆಯುಬ್ಬಿಸಿ ನಿಲ್ಲುವುದನ್ನು ನೋಡಿ ನೋಡಿ ನನಗೂ ನಂಬಿಕೆ ಬಂತು. ಇಷ್ಟೊಂದು ಪಟ್ಟಿ ಹೊಲಿಸುವ ಕಾಲೇಜು ಇಷ್ಟೊಂದು ಪೈಲಟ್‌ಗಳನ್ನೂ ತಯಾರು ಮಾಡುತ್ತಿರಬೇಕು ಎಂದುಕೊಂಡೆ. ನನ್ನ ಕೈಯಾರೆ ಹೊಲಿದ ಪಟ್ಟಿಗೆ ನಾನೇ ಮೋಸಹೋದೆ. ಇಂಥ ದಡ್ಡತನ ಒಬ್ಬ ದರ್ಜಿಗೆ ಮಾತ್ರ ಸಾಧ್ಯ, ಒಪ್ಪುತ್ತೇನೆ. ಆದರೆ ನೀವು ದರ್ಜಿಯಲ್ಲವಲ್ಲ?

ಮೂರು ವರ್ಷದ ಹಿಂದೆ ನಿಮ್ಮ ಕೋಣೆಗೆ ಬಂದಿದ್ದು ನೆನಪಿದೆಯೇ? ನಿಮಗೆ ಇರಲಾರದು, ನನಗಿದೆ. ಗಾಜಿನ ಮೇಜು, ಅದರ ಮೇಲೊಂದು ಆಟಿಕೆ ವಿಮಾನ, ಇಬ್ಬರಿಗೆ ಒಂದೇ ಕುರ್ಚಿ. ಕೂತವಳು ನಾನು, ನಿಂತವನು ಮಗ. ಅವನ ಮುಂದೆ ಎರಡು ದಾರಿ ಇದ್ದವು. ನಮ್ಮ ಬೀದಿಯ ತುದಿಯ ಕಾಲೇಜಿನಲ್ಲಿ ಭೌತಶಾಸ್ತ್ರದ ಸೀಟು ಆಗಲೇ ಸಿಕ್ಕಿತ್ತು. ಯಾವುದಾದರೂ ಗಟ್ಟಿ ಪದವಿ ಕೈಯಲ್ಲಿರಲಿ, ಹಾರಾಟದ ತರಬೇತಿಯನ್ನು ಬೇರೆಯಾಗಿ ಪಡೆಯಲಿ, ಅದಕ್ಕೆ ಮೊದಲು ದೇಹಪರೀಕ್ಷೆ ಮಾಡಿಸಲಿ ಎಂದು ಅವನ ಶಾಲೆಯ ಮೇಷ್ಟ್ರು ಹೇಳಿದ್ದರು. ಅದನ್ನು ನಿಮಗೆ ಹೇಳಿದೆ. ನೀವು ನಕ್ಕಿರಿ.

"ನೋಡಮ್ಮಾ, ನಿಮ್ಮ ಮೇಷ್ಟ್ರು ಯಾವತ್ತಾದ್ರೂ ವಿಮಾನ ಓಡಿಸಿದಾರಾ?"

"ಇಲ್ಲ ಸಾರ್."

"ಮತ್ತೆ? ಡಾಕ್ಟರ್ ಆಗೋರು ಡಾಕ್ಟರ್ ಕಾಲೇಜಿಗೆ ಹೋಗ್ತಾರೆ, ಪೈಲಟ್ ಆಗೋರು ಪೈಲಟ್ ಕಾಲೇಜಿಗೆ ಹೋಗ್ತಾರೆ. ಅಷ್ಟೇ ತಾನೆ? ದೇಹಪರೀಕ್ಷೆ ಎಲ್ಲ ಅವರೇ ನೋಡ್ಕೋತಾರೆ, ನೀವು ತಲೆ ಕೆಡಿಸ್ಕೋಬೇಡಿ."

ನೀವು ಯಾವತ್ತಾದರೂ ವಿಮಾನ ಓಡಿಸಿದ್ದೀರಾ ಎಂದು ಕೇಳಲು ಆಗ ನನಗೆ ಬಾಯಿ ಬರಲಿಲ್ಲ. ಈಗ ಬಂದಿದೆ. ಓಡಿಸಿದ್ದೀರಾ, ಸಾರ್?

ಆ ಕಾಲೇಜಿನ ಪ್ರವೇಶ ಪುಸ್ತಕ ನನ್ನ ಮೇಜಿನ ಮೇಲಿದೆ. ಎರಡನೆಯ ಅಂಶ: ಸಮವಸ್ತ್ರಕ್ಕೆ ಅಳತೆ ನೀಡುವುದು. ಹನ್ನೊಂದನೆಯ ಅಂಶ: ಅಂತಿಮ ವರ್ಷದ ಕೊನೆಯಲ್ಲಿ ಹಾರಾಟ ತರಬೇತಿಗೆ ಅರ್ಜಿ ಹಾಕುವವರು ವೈದ್ಯಕೀಯ ಅರ್ಹತಾ ಪತ್ರ ಪಡೆಯುವುದು. ನಡುವೆ ಮೂರು ವರ್ಷ. ಆ ಮೂರು ವರ್ಷದಲ್ಲಿ ನನ್ನ ಮಗ ಮೊದಲ ವರ್ಷ ಒಂದಿಷ್ಟು ಗಣಿತ, ಭೌತಶಾಸ್ತ್ರ ಓದಿದ, ಆಮೇಲೆ ವಿಮಾನ ನಿಲ್ದಾಣಗಳ ನಿರ್ವಹಣೆ ಓದಿದ, ವಾಯುಯಾನದ ಚರಿತ್ರೆ ಓದಿದ, ಸಾಮಾನು ಸಾಗಣೆಯ ನಿಯಮಗಳನ್ನು ಉರುಹೊಡೆದ. ಕಾಲೇಜಿನ ಅಂಗಳದಲ್ಲಿ ಒಂದು ಸಣ್ಣ ವಿಮಾನ ನಿಂತಿದೆ. ಎಂಜಿನ್ ಇಲ್ಲ. ಶನಿವಾರ ಶನಿವಾರ ಹುಡುಗರು ಅದನ್ನು ತೊಳೆಯುತ್ತಿದ್ದರು. ಮಗ ಮನೆಗೆ ಬಂದು "ಇವತ್ತು ರೆಕ್ಕೆ ನನ್ನ ಪಾಲಿಗೆ ಬಂದಿತ್ತಮ್ಮ" ಎನ್ನುತ್ತಿದ್ದ. ನಾನು ಹಿಗ್ಗುತ್ತಿದ್ದೆ.

ದೇಹಪರೀಕ್ಷೆಯ ದಿನ ನಾನೂ ಹೋಗಿದ್ದೆ. ವೈದ್ಯೆ ಬಣ್ಣದ ಚುಕ್ಕಿಗಳ ಪುಸ್ತಕ ತೆರೆದು ಒಳಗಿರುವ ಅಂಕಿ ಓದು ಎಂದರು. ಮೊದಲ ಪುಟ ಓದಿದ. ಎರಡನೆಯದಕ್ಕೆ ಕಣ್ಣು ಕಿರಿದು ಮಾಡಿದ. ಮೂರನೆಯದಕ್ಕೆ ನನ್ನ ಮುಖ ನೋಡಿದ. ನನಗೆ ಅಲ್ಲಿ ದೊಡ್ಡದಾಗಿ ಎಪ್ಪತ್ತನಾಲ್ಕು ಕಾಣುತ್ತಿತ್ತು. ಆಮೇಲೆ ಕಿಟಕಿ ಮುಚ್ಚಿ ಒಂದು ಪೆಟ್ಟಿಗೆಯೊಳಗಿಂದ ಸಣ್ಣ ದೀಪಗಳನ್ನು ತೋರಿಸಿದರು. ಹಸಿರಿಗೆ ಬಿಳಿ ಎಂದ, ಬಿಳಿಗೆ ಹಸಿರು ಎಂದ, ಇನ್ನೊಂದು ಸಲ ತೋರಿಸಿ ಎಂದು ಬೇಡಿಕೊಂಡ. ಅವರು ಎರಡು ಸಲ ತೋರಿಸಿದರು. ಒಳ್ಳೆಯ ಹೆಂಗಸು.

"ಹುಟ್ಟಿನಿಂದ ಬಂದಿದ್ದು ಇದು. ಗಂಡುಮಕ್ಕಳಿಗೆ ತಾಯಿ ಕಡೆಯಿಂದ ಬರುತ್ತೆ. ಬೇರೆ ಎಲ್ಲಾ ಕೆಲಸಕ್ಕೂ ಕಣ್ಣು ಚೆನ್ನಾಗಿದೆ. ಆದ್ರೆ ಈ ಲೈಸೆನ್ಸಿಗೆ ನಾನು ಸಹಿ ಹಾಕೋಕಾಗಲ್ಲ," ಎಂದರು. ಆಮೇಲೆ ಅವರೇ ಕೇಳಿದರು, "ಇದನ್ನ ಹತ್ತು ನಿಮಿಷದಲ್ಲಿ ನೋಡಬಹುದಿತ್ತಲ್ಲ, ಸೇರೋಕೆ ಮುಂಚೆ ಯಾರೂ ಹೇಳ್ಲಿಲ್ವಾ?"

ಯಾರು ಹೇಳಬೇಕಿತ್ತು ಮಾನ್ಯರೇ? ನನ್ನ ಗಂಡ ಬಸ್ ಚಾಲಕ. ಕೆಲಸಕ್ಕೆ ಸೇರುವಾಗ ಮೊದಲ ದಿನವೇ ಅವರ ಕಣ್ಣು ನೋಡಿದರು, ಆಮೇಲೆ ಅರ್ಜಿ ನಮೂನೆ ಕೊಟ್ಟರು. ನಲವತ್ತು ಜನರನ್ನು ನೆಲದ ಮೇಲೆ ಒಯ್ಯುವವನಿಗೆ ಮೊದಲು ಕಣ್ಣು, ಇನ್ನೂರು ಜನರನ್ನು ಮುಗಿಲಿಗೆ ಒಯ್ಯುವವನಿಗೆ ಮೊದಲು ಅಂಗಿ. ಇದು ಯಾವ ನ್ಯಾಯ?

ತಾಯಿಯಾಗಿ ನಿನಗೆ ಗೊತ್ತಾಗಲಿಲ್ಲವೇ ಎಂದು ನೀವು ಕೇಳುತ್ತೀರಿ. ಕೇಳುವ ಮೊದಲು ನಾನೇ ಹೇಳುತ್ತೇನೆ. ಚಿಕ್ಕವನಿದ್ದಾಗ ಹಸಿರು ದಾರ ತಾ ಎಂದರೆ ಕಂದು ತರುತ್ತಿದ್ದ. ಕಂದು ಎಂದರೆ ಕೆಂಪು. ಎಲ್ಲೋ ಧ್ಯಾನ ಇವನಿಗೆ ಎಂದು ಬೈದೆ, ಒಮ್ಮೆ ಅಳತೆಪಟ್ಟಿಯಿಂದ ಹೊಡೆದೂ ಬಿಟ್ಟೆ. ಆಮೇಲೆ ರಗಳೆಯೇ ಬೇಡವೆಂದು ಪ್ರತಿ ಉಂಡೆಗೂ ಬಣ್ಣದ ಹೆಸರು ಬರೆದು ಚೀಟಿ ಅಂಟಿಸಿದೆ. ಅಂದಿನಿಂದ ಒಂದು ದಿನವೂ ತಪ್ಪಲಿಲ್ಲ. ನಾನು ಗೆದ್ದೆ ಅಂದುಕೊಂಡೆ. ಅವನ ಕಣ್ಣಿನ ವಿಷಯವನ್ನು ಅವನಿಂದಲೂ ನನ್ನಿಂದಲೂ ಮುಚ್ಚಿಟ್ಟಿದ್ದು ನನ್ನದೇ ಕೈಬರಹ. ಅದನ್ನು ನೆನೆದಾಗೆಲ್ಲ ಸೂಜಿಗೆ ದಾರ ಪೋಣಿಸಲು ಆಗುವುದಿಲ್ಲ. ನನ್ನ ಪಾಲಿನ ತಪ್ಪನ್ನು ಹೀಗೆ ನಾಲ್ಕು ಜನರ ಮುಂದೆ ಒಪ್ಪಿಕೊಂಡಿದ್ದೇನೆ. ನಿಮ್ಮ ಪಾಲಿನದನ್ನು ನೀವು ಯಾವಾಗ ಒಪ್ಪಿಕೊಳ್ಳುತ್ತೀರಿ?

ವೈದ್ಯೆ ಬರೆದುಕೊಟ್ಟ ಪತ್ರ ಹಿಡಿದು ಮತ್ತೆ ನಿಮ್ಮ ಕೋಣೆಗೆ ಬಂದೆ. ಈ ಸಲ ಕೂರಿ ಎಂದೂ ಅನ್ನಲಿಲ್ಲ ನೀವು. ಕಾಗದ ಓದಿ, ತಿರುಗಿಸಿ, ನನ್ನ ಕಡೆ ತಳ್ಳಿದಿರಿ.

"ಅಮ್ಮಾ, ಅವತ್ತು ನೀವು ಕೇಳಿದ್ದು ಯಾವ ಕಾಲೇಜು, ಯಾವ ಡಿಗ್ರಿ ಅಂತ. ಹೇಳಿದೀನಿ. ಆಗುತ್ತೋ ಇಲ್ವೋ ಅಂತ ನೀವು ಕೇಳ್ಲೇ ಇಲ್ವಲ್ಲ."

ಈ ಮಾತಿಗೆ ನಾನು ಋಣಿ. ನೀವು ಅವತ್ತು ಒಂದು ಸಲ ತಪ್ಪಾಯಿತು ಎಂದಿದ್ದರೆ ಅತ್ತು ಮನೆಗೆ ಹೋಗುತ್ತಿದ್ದೆ. ನೀವು ಹಾಗೆ ಅನ್ನದೆ ಇದ್ದುದರಿಂದ ನನ್ನ ಕಣ್ಣೀರು ಅಲ್ಲೇ ಇಂಗಿತು.

ಈಗ ಮಗನ ಸಂಗತಿ. ಎರಡು ತಿಂಗಳು ಗೋಡೆ ನೋಡಿಕೊಂಡು ಮಲಗಿದ್ದವನು ಒಂದು ದಿನ ಎದ್ದು ಬಂದು ನನ್ನ ಯಂತ್ರದ ಪಕ್ಕ ನಿಂತ. "ಅಮ್ಮ, ಹಾರೋರಿಗೆ ಆಕಾಶ ಹೇಗಿದೆ ಅಂತ ಹೇಳೋರೂ ಬೇಕಲ್ವಾ? ಹವಾಮಾನ ಓದ್ತೀನಿ. ಅದಕ್ಕೆ ಫಿಸಿಕ್ಸ್ ಬೇಕು," ಎಂದ. ಬೀದಿಯ ತುದಿಯ ಕಾಲೇಜಿನ ಪ್ರಾಂಶುಪಾಲರು ಎರಡನೆಯ ವರ್ಷಕ್ಕೆ ನೇರ ಸೇರಿಸಿಕೊಳ್ಳಲು ಸಿದ್ಧರಿದ್ದಾರೆ, ಯಾಕೆಂದರೆ ಮೊದಲ ವರ್ಷದ ಗಣಿತ, ಭೌತಶಾಸ್ತ್ರದ ಪಾಠ ಎರಡೂ ಕಡೆ ಒಂದೇ. ಕಾಲೇಜು ಬದಲಾವಣೆಗೆ ಬೇಕಿರುವುದು ನಿಮ್ಮ ಒಂದು ಸಹಿ. ಕಡತದ ಮೇಲೆ ನೀವು ಬರೆದದ್ದು "ಅವಕಾಶವಿಲ್ಲ". ಈ ತಿಂಗಳ ಹನ್ನೆರಡಕ್ಕೆ ಗಡುವು ಮುಗಿಯುತ್ತದೆ. ಮುಗಿದರೆ ಮೂರಕ್ಕೆ ಇನ್ನೊಂದು ವರ್ಷ ಸೇರುತ್ತದೆ, ಮತ್ತೆ ಎದ್ದು ಬಂದು ಯಂತ್ರದ ಪಕ್ಕ ನಿಲ್ಲುವಷ್ಟು ಕಸುವು ಅವನಲ್ಲಿ ಉಳಿಯುತ್ತದೆ ಎಂಬ ಧೈರ್ಯ ನನಗಿಲ್ಲ.

ಆದ್ದರಿಂದ ನನಗೆ ಗೊತ್ತಿರುವ ಕೆಲಸದಿಂದಲೇ ಸೇಡು ತೀರಿಸಿಕೊಳ್ಳುತ್ತಿದ್ದೇನೆ. ಈ ವರ್ಷ ಸೇರಿದ ಎಪ್ಪತ್ತೆರಡು ಮಕ್ಕಳ ಅಳತೆ ಪಟ್ಟಿ ಕಾಲೇಜಿನಿಂದ ಎಂದಿನಂತೆ ನನ್ನ ಕೈಗೆ ಬಂದಿದೆ, ಮನೆಯ ಫೋನ್ ಸಂಖ್ಯೆಯ ಸಮೇತ. ಒಬ್ಬೊಬ್ಬರ ಮನೆಗೂ ಕರೆ ಮಾಡಿದೆ. ಕಣ್ಣಿನ ವೈದ್ಯರ ಚೀಟಿ ತರದ ಹೊರತು ಯಾರ ಬಟ್ಟೆಗೂ ಕತ್ತರಿ ಹಾಕುವುದಿಲ್ಲ ಎಂದೆ. ಕೆಲವರು ಬೈದರು. ಹತ್ತೊಂಬತ್ತು ಮಂದಿ ತೋರಿಸಿಕೊಂಡು ಬಂದರು. ಅವರಲ್ಲಿ ಇಬ್ಬರಿಗೆ ನನ್ನ ಮಗನಂತೆಯೇ ಅಂಕಿ ಕಾಣಲಿಲ್ಲ. ಒಬ್ಬನ ಅಪ್ಪ ಮರುದಿನವೇ ಸೀಟು ಬಿಡಿಸಿ ಬೇರೆ ಪದವಿಗೆ ಸೇರಿಸಿದರು, ಇನ್ನೊಬ್ಬನ ಅಜ್ಜಿ ನನ್ನ ಅಂಗಡಿಯಲ್ಲಿ ಕೂತು ಗೋಳೋ ಎಂದು ಅತ್ತರು. ಕಾಲೇಜಿನ ವ್ಯವಸ್ಥಾಪಕರು ಬಂದು ಕೆಲಸವನ್ನು ಬೇರೆ ದರ್ಜಿಗೆ ಕೊಡುತ್ತೇವೆಂದು ಹೆದರಿಸಿದರು. ಕೊಡಲಿ. ನನ್ನನ್ನು ಬಿಟ್ಟರೆ ಈ ಊರಿನಲ್ಲಿ ಭುಜಪಟ್ಟಿ ಕೂರಿಸಲು ಬರುವವರು ಮೂವರು, ಮೂವರಿಗೂ ಕೈಹಿಡಿದು ಕಲಿಸಿದವಳು ನಾನೇ. ಮೂವರೂ ಒಲ್ಲೆ ಎಂದಿದ್ದಾರೆ.

ಹತ್ತನೆಯ ತಾರೀಖು ಆ ಕಾಲೇಜಿನಲ್ಲಿ ಪಟ್ಟಿ ತೊಡಿಸುವ ಸಮಾರಂಭ. ಮುಖ್ಯ ಅತಿಥಿ ತಾವು. ಪ್ರತಿ ವರ್ಷ ತಾವೇ ಒಬ್ಬೊಬ್ಬರ ಭುಜ ತಟ್ಟಿ ಫೋಟೋಗೆ ನಗುತ್ತೀರಿ.

ನನ್ನ ಬೇಡಿಕೆ ಎರಡು. ನನ್ನ ಮಗನ ಕಡತದ ಮೇಲಿನ "ಅವಕಾಶವಿಲ್ಲ"ವನ್ನು ಹೊಡೆದು ಸಹಿ ಹಾಕಿ. ಪೈಲಟ್ ಆಗಬೇಕೆಂದು ಬರುವ ಪ್ರತಿ ಮಗುವಿಗೂ ಕಾಲೇಜಿನ ಹೆಸರು ಹೇಳುವ ಮೊದಲು ದೇಹಪರೀಕ್ಷೆ ಆಗಲಿ ಎಂದು ಲಿಖಿತ ಆದೇಶ ಹೊರಡಿಸಿ. ಒಂಬತ್ತನೆಯ ತಾರೀಖು ಸಂಜೆಯೊಳಗೆ ಎರಡೂ ನನ್ನ ಕೈ ಸೇರಿದರೆ, ಚೀಟಿ ತಂದ ಮಕ್ಕಳಿಗೆ ಬೆಳಗಾಗುವುದರೊಳಗೆ ಹೊಲಿದುಕೊಡುತ್ತೇನೆ. ಇಲ್ಲವಾದರೆ ಎಪ್ಪತ್ತೊಂದು ಮಕ್ಕಳ ಬರಿಭುಜಗಳ ಮುಂದೆ ನಿಂತು ಭಾಷಣ ಮಾಡಿ. ಪಟ್ಟಿ ಯಾಕಿಲ್ಲ ಎಂದು ತಂದೆತಾಯಂದಿರು ಕೇಳುತ್ತಾರೆ. ಉತ್ತರ ತೋಚದಿದ್ದರೆ ಮೈಕನ್ನು ಮೊದಲ ಸಾಲಿಗೆ ಕಳಿಸಿ. ಅಲ್ಲಿ ನಾನು ಕೂತಿರುತ್ತೇನೆ, ನನ್ನ ಪಕ್ಕದಲ್ಲಿ ನನ್ನ ಮಗ ಕೂತಿರುತ್ತಾನೆ. ನೀವು ಅವತ್ತು ನನಗೆ ಹೇಳಿದ ಮಾತನ್ನು ಅವನ ಮುಖ ನೋಡಿಕೊಂಡು ಇನ್ನೊಂದು ಸಲ ಹೇಳಿ.

ಇಂತಿ,
ತಮ್ಮ ವಿಶ್ವಾಸಿ ಎಂದು ಬರೆಯಲು ಕೈ ಬಾರದ,
"ಪೈಲಟ್‌ನ ತಾಯಿ" ಎಂದು ಸಹಿ ಹಾಕಲು ಮೂರು ವರ್ಷ ಕಾದಿದ್ದ,
ಒಬ್ಬ ದರ್ಜಿ